ಮೋಟರ್ ನಮ್ಮದು, ಅಪ್ಪಣೆ ಯಾರದು?

ಹೊಳಲ್ಕೆರೆ, ಹೊಸದುರ್ಗ ಕಡೆಯ ಅಡಿಕೆ, ತೆಂಗಿನ ತೋಟಗಳಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ಈಗ ಇನ್ನೊಂದು ಪುಟ್ಟ ಪೆಟ್ಟಿಗೆ ಕಾಣುತ್ತದೆ. ಒಳಗೊಂದು ಸಿಮ್, ಮೇಲೊಂದು ಆಂಟೆನಾ. ಜನ ಇದಕ್ಕೆ ಮೊಬೈಲ್ ಸ್ಟಾರ್ಟರ್ ಅನ್ನುತ್ತಾರೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಸಿಗುವುದು ದಿನಕ್ಕೆ ಏಳು ಗಂಟೆ. ಪಾಳಿ ಬದಲಾದರೆ ಅದರಲ್ಲಿ ಒಂದಷ್ಟು ರಾತ್ರಿಗೆ ಬೀಳುತ್ತದೆ. ರಾತ್ರಿ ಎಂದರೆ ತೋಟದ ದಾರಿಯಲ್ಲಿ ಹಾವು, ಚಿರತೆ, ಕರಡಿ. ಜೋಗಿಮಟ್ಟಿಯಿಂದ ಹಿಡಿದು ಹೊಸದುರ್ಗದ ಗುಡ್ಡಗಳವರೆಗೆ ಕರಡಿಯ ಏಟು ತಿಂದವರು ಊರೂರಿಗೂ ಸಿಗುತ್ತಾರೆ. ಮನೆಯ ಜಗಲಿಯ ಮೇಲೆ ಕೂತು ಫೋನಿನಿಂದ ಮೋಟರ್ ಚಾಲು ಮಾಡುವುದು ಇಲ್ಲಿ ಶೋಕಿಯಲ್ಲ, ಜೀವ ಉಳಿಸುವ ಸಂಗತಿ.

ಹಳೆಯ ಮೊಬೈಲ್ ಸ್ಟಾರ್ಟರ್‌ಗಳು ಮಿಸ್ಡ್ ಕಾಲಿಗೋ ಎಸ್ಸೆಮ್ಮೆಸ್ಸಿಗೋ ಓಗೊಡುತ್ತಿದ್ದವು. ಹೊಸವಕ್ಕೆ ಆ್ಯಪ್ ಬೇಕು. ಆ್ಯಪ್‌ನಲ್ಲಿ ಬಟನ್ ಒತ್ತಿದರೆ ಆಜ್ಞೆ ನೇರವಾಗಿ ತೋಟಕ್ಕೆ ಹೋಗುವುದಿಲ್ಲ. ಫೋನಿನಿಂದ ಟವರ್‌ಗೆ, ಅಲ್ಲಿಂದ ಎಲ್ಲೋ ಇರುವ ಕಂಪನಿಯ ಸರ್ವರ್‌ಗೆ, ಮತ್ತೆ ಅದೇ ಟವರ್‌ಗೆ, ಅಲ್ಲಿಂದ ಪೆಟ್ಟಿಗೆಯ ಸಿಮ್‌ಗೆ. ಮೋಟರ್ ಕಣ್ಣೆದುರೇ ತಿರುಗುತ್ತಿರುತ್ತದೆ, ಆ್ಯಪ್ ಮಾತ್ರ ‘ಸಾಧನ ಆಫ್‌ಲೈನ್’ ಎನ್ನುತ್ತದೆ. ವರ್ಷ ಕಳೆದರೆ ಚಂದಾ ಕಟ್ಟಬೇಕು. ನಮ್ಮ ದೊಡ್ಡಪ್ಪ ಒಮ್ಮೆ ಇದನ್ನೆಲ್ಲ ನನ್ನಿಂದ ಬಿಡಿಸಿ ಹೇಳಿಸಿಕೊಂಡು ಕೇಳಿದರು: “ಮೋಟ್ರು ನಂದು, ಬೋರು ನಂದು, ತ್ವಾಟ ನಂದು. ಚಾಲು ಮಾಡಾಕೆ ಯಾವನದೋ ಅಪ್ಪಣೆ ಯಾಕಪ್ಪ ಬೇಕು?”

ತಂತ್ರಜ್ಞಾನದ ದೊಡ್ಡದೊಂದು ಜಗಳ ಆ ಪ್ರಶ್ನೆಯಲ್ಲಿದೆ. ನಮ್ಮ ಮನೆಯಲ್ಲೇ ಒಂದು ಸಣ್ಣ ಕಂಪ್ಯೂಟರ್ ಇಟ್ಟು, ಅದರಲ್ಲಿ ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ ಹಾಕಿ, ಈ ಮುಚ್ಚಿದ ಪೆಟ್ಟಿಗೆಗಳನ್ನು ಅದರ ಜೊತೆ ಮಾತಾಡಿಸಲು ಆಗುತ್ತದೆಯೇ? ಆಗುತ್ತದೆ. ನಮ್ಮ ತೋಟದ ಮನೆಯಲ್ಲಿ ಅದು ನಡೆಯುತ್ತಿದೆ. ಇದು ಒಂದು ಊರಿನ ಉಪಾಯವಾಗಿ ಉಳಿಯದೆ ರೈತರ ಹಕ್ಕಾಗಬೇಕು ಎಂಬುದು ನನ್ನ ವಾದ.

ಕಂಪ್ಯೂಟರ್ ಎಂದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ. ಅದರೊಳಗೆ ಲಿನಕ್ಸ್, ಅದರ ಮೇಲೆ ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ ಎಂಬವರು 2013ರಲ್ಲಿ ತಮ್ಮ ಮನೆಯ ದೀಪಗಳನ್ನು ನಿಯಂತ್ರಿಸಲು ಬರೆದ ಪುಟ್ಟ ಪ್ರೋಗ್ರಾಂ ಅದು. ಇಂದು ಸಾವಿರಾರು ಜನ ಸೇರಿ ಬೆಳೆಸಿದ ದೊಡ್ಡ ಯೋಜನೆಯಾಗಿದೆ. 2024ರ ಏಪ್ರಿಲ್‌ನಲ್ಲಿ ಅದನ್ನು ‘ಓಪನ್ ಹೋಮ್ ಫೌಂಡೇಶನ್’ ಎಂಬ ಲಾಭರಹಿತ ಸಂಸ್ಥೆಗೆ ಒಪ್ಪಿಸಲಾಯಿತು. ಬಲ್ಬು, ಕ್ಯಾಮೆರಾ, ಸೋಲಾರ್ ಇನ್ವರ್ಟರ್, ಟ್ಯಾಂಕಿನ ಮಟ್ಟ, ಮೋಟರ್ ಎಲ್ಲವೂ ಒಂದೇ ಪರದೆಯಲ್ಲಿ, ಕನ್ನಡದ ಹೆಸರುಗಳಲ್ಲಿ ಕಾಣುತ್ತವೆ. ಇಂಟರ್ನೆಟ್ ಹೋದರೂ ಮನೆಯೊಳಗಿನ ಕೆಲಸ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಮನೆಯ ಯುಪಿಎಸ್ ಬ್ಯಾಟರಿ ಸಾಕು. ಪೈ ಎಳೆಯುವ ವಿದ್ಯುತ್ತು ಒಂದು ಎಲ್‌ಇಡಿ ಬಲ್ಬಿನಷ್ಟು. ಮೆಮೊರಿ ಕಾರ್ಡಿನ ಬದಲು ಸಣ್ಣ ಎಸ್‌ಎಸ್‌ಡಿ ಹಾಕಿಕೊಳ್ಳುವುದು ಲೇಸು. ದಿನವಿಡೀ ಬರೆಯುತ್ತಲೇ ಇದ್ದರೆ ಕಾರ್ಡ್ ಬೇಗ ಸಾಯುತ್ತದೆ.

ಮುಚ್ಚಿದ ಪೆಟ್ಟಿಗೆಯನ್ನು ಮಾತಾಡಿಸುವುದು

ಮೊದಲ ದಾರಿ ಬಹಳ ಸರಳ. ಎಸ್ಸೆಮ್ಮೆಸ್‌ಗೆ ಓಗೊಡುವ ಸ್ಟಾರ್ಟರ್ ಆಗಿದ್ದರೆ, ಪೈಗೆ ಒಂದು ಯುಎಸ್‌ಬಿ ಮೋಡೆಮ್ ಸಿಕ್ಕಿಸಿ, ಗಮ್ಮು ಎಂಬ ಮುಕ್ತ ತಂತ್ರಾಂಶದಿಂದ ರೈತ ಕಳಿಸುವ ಅದೇ ಸಂದೇಶವನ್ನು ಕಳಿಸಿದರಾಯಿತು. ಸಂದೇಶ ಮನುಷ್ಯ ಕಳಿಸಿದನೋ ಕಂಪ್ಯೂಟರ್ ಕಳಿಸಿತೋ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಉತ್ತರವಾಗಿ ಬರುವ ‘ಮೋಟರ್ ಆನ್’, ‘ಒಂದು ಫೇಸ್ ಇಲ್ಲ’ ಎಂಬ ಸಂದೇಶಗಳನ್ನು ಓದಿ ದಾಖಲಿಸಲೂ ಆಗುತ್ತದೆ.

ಆ್ಯಪ್ ಮಾತ್ರ ಇರುವ ಪೆಟ್ಟಿಗೆಗಳ ಕಥೆ ಬೇರೆ. ಅವು ಕಂಪನಿಯ ಸರ್ವರ್ ಜೊತೆ ಗೂಢಲಿಪಿಯಲ್ಲಿ ಮಾತಾಡುತ್ತವೆ. ಅದನ್ನು ಒಡೆಯಲು ಹೋಗುವುದು ವ್ಯರ್ಥ ಸಾಹಸ. ಕಂಪನಿಯ ಸರ್ವರಿಗೆ ಕೈ ಹಾಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅಡ್ಡ ಬರುತ್ತದೆ, ಬರಲೂಬೇಕು. ಅಲ್ಲಿ ನಾವು ಹಿಡಿದ ದಾರಿ ಪೆಟ್ಟಿಗೆಯನ್ನು ಬಿಟ್ಟು ಸ್ಟಾರ್ಟರನ್ನೇ ಮಾತಾಡಿಸುವುದು. ಸ್ಟಾರ್ಟರ್ ಎಷ್ಟೇ ಹೊಸದಾಗಿರಲಿ, ಹಸಿರು ಗುಂಡಿ ಒತ್ತಿದಾಗ ಎರಡು ತಂತಿ ಕ್ಷಣಕಾಲ ಕೂಡುತ್ತವೆ, ಕೆಂಪು ಗುಂಡಿ ಒತ್ತಿದಾಗ ಕೂಡಿದ್ದ ಎರಡು ತಂತಿ ಅಗಲುತ್ತವೆ. ಹಸಿರಿಗೆ ಸಮಾಂತರವಾಗಿ ಒಂದು ರಿಲೇ, ಕೆಂಪಿನ ಸಾಲಿನಲ್ಲಿ ಇನ್ನೊಂದು ರಿಲೇ. ಇವೆರಡನ್ನೂ ಆಡಿಸುವುದು ಇಎಸ್‌ಪಿ32 ಎಂಬ ಅಗ್ಗದ ಚಿಪ್ ಇರುವ ಬೋರ್ಡ್, ಅದರೊಳಗೆ ಇಎಸ್‌ಪಿಹೋಮ್ ಎಂಬ ಮುಕ್ತ ತಂತ್ರಾಂಶ. ಮೊಬೈಲ್ ಸ್ಟಾರ್ಟರ್ ತನ್ನ ಪಾಡಿಗೆ ತಾನಿರುತ್ತದೆ, ನಮ್ಮದು ಪಕ್ಕದಲ್ಲಿ ಕೆಲಸ ಮಾಡುತ್ತದೆ. ಕೈಯಿಂದ ಒತ್ತುವ ಗುಂಡಿಯೂ ಮೊದಲಿನಂತೆಯೇ ಇರುತ್ತದೆ. ಒಂದು ಎಚ್ಚರ: ಆ ಪೆಟ್ಟಿಗೆಯೊಳಗೆ ಹರಿಯುವುದು 415 ವೋಲ್ಟ್. ಮೋಟರ್ ವೈರಿಂಗ್ ಬಲ್ಲ ಎಲೆಕ್ಟ್ರಿಷಿಯನ್ ಇಲ್ಲದೆ ಮುಚ್ಚಳ ತೆಗೆಯಬಾರದು.

ಮೋಟರ್ ನಿಜವಾಗಿ ಓಡುತ್ತಿದೆಯೇ ಎಂದು ತಿಳಿಯಲು ಯಾವ ಪೆಟ್ಟಿಗೆಯನ್ನೂ ಕೇಳಬೇಕಿಲ್ಲ. ಮೋಟರಿನ ಒಂದು ಫೇಸ್ ತಂತಿಯ ಸುತ್ತ ಸಿಟಿ ಕ್ಲಾಂಪ್ ಹಾಕಿದರೆ ಅದು ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಗೊತ್ತಾಗುತ್ತದೆ. ತಂತಿ ಕತ್ತರಿಸುವ ಕೆಲಸವಿಲ್ಲ. ನೀರು ಎತ್ತುವಾಗ ಒಂದು ಹದದಲ್ಲಿ ನಿಲ್ಲುವ ಕರೆಂಟು, ಬೋರಿನಲ್ಲಿ ನೀರು ಕಡಿದ ಕೂಡಲೇ ಇಳಿಯುತ್ತದೆ. ಆ ಇಳಿತ ನೋಡಿ ಪೈ ಮೋಟರನ್ನು ನಿಲ್ಲಿಸುತ್ತದೆ. ಡ್ರೈ ರನ್ ತಡೆಯುವ ಈ ವ್ಯವಸ್ಥೆ ಕಂಪನಿಯ ಅನೇಕ ಸ್ಟಾರ್ಟರ್‌ಗಳಲ್ಲೂ ಇದೆ, ಅದರಲ್ಲಿ ಹೊಸತೇನಿಲ್ಲ. ಹೊಸತಿರುವುದು ದಾಖಲೆಯಲ್ಲಿ. ಸುಗ್ಗಿಯಿಂದ ಬೇಸಿಗೆಯವರೆಗೆ ಪ್ರತಿದಿನ ಬೋರು ಎಷ್ಟು ಹೊತ್ತು ನೀರು ಕೊಟ್ಟಿತು, ಕಡಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಕೂಡಿತು ಎಂಬ ಲೆಕ್ಕ ಈಗ ನಮ್ಮ ಮನೆಯ ಡಿಸ್ಕಿನಲ್ಲಿದೆ. ಸಾವಿರ ಅಡಿಗೆ ಹತ್ತಿರ ಹೋಗುವ ಬೋರ್‌ಗಳ ಈ ಸೀಮೆಯಲ್ಲಿ ಇನ್ನೊಂದು ಪಾಯಿಂಟ್ ಹಾಕಿಸಬೇಕೋ, ಇರುವ ನೀರಿಗೆ ತಕ್ಕಂತೆ ತೋಟವನ್ನು ಹಿಡಿತದಲ್ಲಿಡಬೇಕೋ ಎಂದು ತೀರ್ಮಾನಿಸಲು ಅದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. ಆ್ಯಪ್ ಆ ಅಂಕಿಗಳನ್ನು ತೋರಿಸುತ್ತದೆ, ಆದರೆ ಕಡತವಾಗಿ ನಮ್ಮ ಕೈಗೆ ಕೊಡುವುದಿಲ್ಲ.

ಮನೆಯಿಂದ ಪಂಪ್‌ಹೌಸ್ ದೂರವಿದ್ದರೆ ವೈಫೈ ಸಾಲದು. ತೆಂಗು, ಅಡಿಕೆಯ ದಟ್ಟಣೆ ಅಲೆಯನ್ನು ನುಂಗುತ್ತದೆ. ಅಂಥಲ್ಲಿ ಲೋರಾ ರೇಡಿಯೊ ಒಳ್ಳೆಯದು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ನಡುವಿನ ಪಟ್ಟಿಯನ್ನು ಸಣ್ಣ ಶಕ್ತಿಯ ಸಾಧನಗಳು ಲೈಸೆನ್ಸ್ ಇಲ್ಲದೆ ಬಳಸಬಹುದು. ಮೋಟರ್ ಆನ್, ಆಫ್, ಆಂಪಿಯರ್ ಇಷ್ಟನ್ನೇ ಕಳಿಸಲು ಕಿಲೋಮೀಟರುಗಟ್ಟಲೆ ದೂರ ಮುಟ್ಟುತ್ತದೆ. ಟವರ್ ಬೇಡ, ಸಿಮ್ ಬೇಡ.

ಮನೆಯೊಳಗಿನ ವೈಫೈ ಪ್ಲಗ್, ಬಲ್ಬುಗಳದು ಇನ್ನೊಂದು ಬಗೆ. ಅಂಗಡಿಯಲ್ಲಿ ಬೇರೆಬೇರೆ ಹೆಸರಿನಲ್ಲಿ ಸಿಕ್ಕರೂ ಅವುಗಳಲ್ಲಿ ಅನೇಕವು ಒಳಗೆ ಚೀನಾದ ಟೂಯಾ ಕಂಪನಿಯ ವೇದಿಕೆಯನ್ನೇ ಬಳಸುತ್ತವೆ. ವೈರ್‌ಶಾರ್ಕ್ ಎಂಬ ಮುಕ್ತ ತಂತ್ರಾಂಶ ತೆರೆದು ಮನೆಯ ಜಾಲವನ್ನು ಗಮನಿಸಿದರೆ, ಅಂಥ ಪ್ಲಗ್ ಆಗಾಗ ‘ನಾನಿಲ್ಲಿದ್ದೇನೆ’ ಎಂದು ಸಾರುವುದು ಕಾಣುತ್ತದೆ. ಮನೆಯೊಳಗೇ ಅದರ ಜೊತೆ ಮಾತಾಡಲು ಒಂದು ಕೀಲಿ ಬೇಕು. ಅದನ್ನು ಪಡೆಯಲು ಒಮ್ಮೆ ಕಂಪನಿಯ ಸರ್ವರಿಗೇ ಹೋಗಬೇಕು. ಸಿಕ್ಕ ಮೇಲೆ ಪ್ಲಗ್ಗಿನ ಇಂಟರ್ನೆಟ್ ಕಡಿದುಹಾಕಿದರೂ ಹೋಮ್ ಅಸಿಸ್ಟೆಂಟ್ ಅದನ್ನು ಆಡಿಸುತ್ತದೆ.

ಕ್ಯಾನ್‌ಬೆರಾದ ವಿದ್ಯಾರ್ಥಿ

ಗಮನಿಸಿ ಕಲಿಯುವ ಈ ವಿಧಾನಕ್ಕೆ ಮೂವತ್ತು ವರ್ಷ ದಾಟಿದ ಇತಿಹಾಸವಿದೆ. 1991ರ ಕೊನೆಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಿಸಿಯಿಂದ ಯುನಿಕ್ಸ್ ಕಂಪ್ಯೂಟರಿನ ಕಡತಗಳನ್ನು ತೆರೆಯಬೇಕಿತ್ತು. ಪಿಸಿಯಲ್ಲಿದ್ದದ್ದು ಒಂದು ಕಂಪನಿಯ ಖಾಸಗಿ ಜಾಲ ತಂತ್ರಾಂಶ. ಅದರ ವಿವರ ಆತನ ಬಳಿ ಇರಲಿಲ್ಲ. ಆತ ತಂತಿಯ ಮೇಲೆ ಹೋಗಿಬರುವ ಪ್ಯಾಕೆಟ್ಟುಗಳನ್ನು ಹಿಡಿದು ನೋಡಿದ. ಪಿಸಿ ಹೀಗೆ ಕೇಳಿದರೆ ಸರ್ವರ್ ಹೀಗೆ ಹೇಳುತ್ತದೆ ಎಂದು ಗುರುತು ಹಾಕಿಕೊಂಡು, ಅದೇ ರೀತಿ ಉತ್ತರಿಸುವ ಪ್ರೋಗ್ರಾಂ ಬರೆದು 1992ರ ಆರಂಭದಲ್ಲಿ ಎಲ್ಲರಿಗೂ ಹಂಚಿದ. ಮುಂದೆ ಸಾಂಬಾ ಎಂದು ಹೆಸರಾದದ್ದು ಅದೇ. ಮೈಕ್ರೋಸಾಫ್ಟ್ ವಿಂಡೋಸ್ ಬಳಸುವ ಕಡತ ಹಂಚಿಕೆಯ ಪದ್ಧತಿಯೂ ಅದೇ ಆಗಿತ್ತು. ಹಾಗಾಗಿ ಲಿನಕ್ಸ್ ಸರ್ವರ್ ಇಟ್ಟ ಕಚೇರಿಗಳಿಗೆ ವಿಂಡೋಸ್ ಪಿಸಿಗಳು ತಕರಾರಿಲ್ಲದೆ ಸೇರಿಕೊಂಡವು.

ಗುಟ್ಟನ್ನು ಕದ್ದದ್ದಲ್ಲ, ಮಾತನ್ನು ಕೇಳಿ ಕಲಿತದ್ದು. ಟ್ರಿಜೆಲ್ ಈ ಅಂತರವನ್ನು ಒತ್ತಿ ಹೇಳುತ್ತಲೇ ಬಂದರು. ಆದರೂ ಪ್ರತಿ ಹೊಸ ವಿಂಡೋಸ್ ಬಂದಾಗಲೂ ಸಾಂಬಾ ತಂಡ ಮತ್ತೆ ಮೊದಲಿನಿಂದ ಕಿವಿಗೊಡಬೇಕಾಗುತ್ತಿತ್ತು. 2004ರ ಮಾರ್ಚಿನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೊ ದಂಡ ಹಾಕಿ, ಬೇರೆಯವರ ಸರ್ವರ್‌ಗಳು ವಿಂಡೋಸ್ ಜೊತೆ ಹೊಂದಿಕೊಳ್ಳಲು ಬೇಕಾದ ವಿವರ ಕೊಡಬೇಕೆಂದು ಆದೇಶಿಸಿತು. ಕಂಪನಿ ಕೋರ್ಟಿಗೆ ಹೋಯಿತು. 2007ರ ಸೆಪ್ಟೆಂಬರಿನಲ್ಲಿ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ಪರವಾಗಿ ಒಂದು ಪ್ರತಿಷ್ಠಾನ 10,000 ಯೂರೊ ಕಟ್ಟಿ ದಾಖಲೆಗಳನ್ನು ಪಡೆಯಿತು. ನಮ್ಮ ಪೈನಲ್ಲಿರುವ ಮದುವೆಯ ಫೋಟೊಗಳನ್ನೂ ಪಹಣಿಯ ಸ್ಕ್ಯಾನ್‌ಗಳನ್ನೂ ತಮ್ಮನ ವಿಂಡೋಸ್ ಲ್ಯಾಪ್‌ಟಾಪ್ ತೆರೆಯುವುದು ಈ ಸಾಂಬಾದ ಮೂಲಕವೇ.

ಕನ್ನಡಿಗರಿಗೆ ಇಂಥ ಅನುಭವ ಹೊಸದಲ್ಲ. ಒಂದು ಕಾಲದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೂ ತನ್ನದೇ ಅಕ್ಷರ ಸಂಕೇತವಿತ್ತು. ಒಂದರಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ಕಲಸುಮೇಲೋಗರವಾಗುತ್ತಿತ್ತು. ಸಂಕೇತಗಳನ್ನು ಒಂದೊಂದಾಗಿ ಹೊಂದಿಸಿ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಂದುಕೊಟ್ಟ ಪರಿವರ್ತಕಗಳಲ್ಲಿ ಹಲವನ್ನು ಬರೆದವರು ಸ್ವಯಂಸೇವಕರು. ಅವರ ಆ ದುಡಿಮೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಕಾನೂನಿನ ಮಾತಿಗೆ ಬರೋಣ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52(1)(ಎಬಿ) ಕಲಂ 1999ರ ತಿದ್ದುಪಡಿಯಲ್ಲಿ ಸೇರಿದ್ದು. ನ್ಯಾಯಬದ್ಧವಾಗಿ ಪಡೆದ ತಂತ್ರಾಂಶದ ಜೊತೆ, ಸ್ವತಂತ್ರವಾಗಿ ಬರೆದ ಇನ್ನೊಂದು ತಂತ್ರಾಂಶ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ಕಂಡುಕೊಳ್ಳಲು ಅಗತ್ಯವಾದ ಕ್ರಿಯೆ ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ ಎಂದು ಅದು ಹೇಳುತ್ತದೆ. ಕಾಸು ಕೊಟ್ಟು ತಂದ ಪ್ಲಗ್ಗನ್ನು ನಮ್ಮ ಮನೆಯ ಸರ್ವರಿಗೆ ಹೊಂದಿಸಲು ಅದರ ಮಾತನ್ನು ಕಲಿಯುವವರು ನೆನಪಿಡಬೇಕಾದ ಕಲಂ ಇದು. ಇಂಥದ್ದೊಂದು ಅವಕಾಶ ನಮ್ಮ ಕಾಯ್ದೆಯಲ್ಲಿದೆ ಎಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳಬೇಕು.

ಕಾನೂನು ಜೊತೆಗಿದ್ದ ಮಾತ್ರಕ್ಕೆ ಕಂಪನಿಗಳು ಸುಮ್ಮನಿರುತ್ತವೆ ಎಂದಲ್ಲ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಮನೆ ಸ್ವಯಂಚಾಲನೆ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತುಹೋದವು. ಆ್ಯಪ್ ನಂಬಿದ್ದವರ ಮನೆಯ ದೀಪಗಳು ಫೋನಿಗೆ ಓಗೊಡದಾದವು. ಹೋಮ್ ಅಸಿಸ್ಟೆಂಟ್‌ನಂಥ ಸ್ಥಳೀಯ ಸರ್ವರಿಗೆ ಜೋಡಿಸಿಕೊಂಡಿದ್ದವರ ದೀಪ ಮಾಮೂಲಿನಂತೆ ಉರಿದವು. ಕೆಲ ತಿಂಗಳಲ್ಲೇ ಬಳಕೆದಾರರ ಒಂದು ಗುಂಪು ಆ ಕಂಪನಿಯನ್ನು ಕೊಂಡು ಸರ್ವರ್ ಮತ್ತೆ ಚಾಲು ಮಾಡಿತು. 2023ರ ಕೊನೆಯಲ್ಲಿ ಚೇಂಬರ್ಲೇನ್ ಎಂಬ ಗ್ಯಾರೇಜ್ ಬಾಗಿಲ ಕಂಪನಿ ಹೊರಗಿನ ತಂತ್ರಾಂಶಗಳಿಗೆ ತನ್ನ ಸರ್ವರಿನ ದಾರಿ ಮುಚ್ಚಿತು, ಹೋಮ್ ಅಸಿಸ್ಟೆಂಟ್ ಆ ಜೋಡಣೆಯನ್ನೇ ಕೈಬಿಡಬೇಕಾಯಿತು. 2024ರ ಜನವರಿಯಲ್ಲಿ ಹೈಯರ್ ಕಂಪನಿ ತನ್ನ ಎಸಿ, ವಾಷಿಂಗ್ ಮಷೀನುಗಳಿಗೆ ಪ್ಲಗಿನ್ ಬರೆದ ಜರ್ಮನಿಯ ಡೆವಲಪರ್‌ಗೆ ನೋಟಿಸ್ ಕಳಿಸಿತು. ಜನ ಸಿಟ್ಟಿಗೆದ್ದ ಮೇಲೆ ಮಾತುಕತೆಗೆ ಬಂತು.

ಗೇಟಿನ ಆಚೆಯ ಬೀಗ

ಮನೆಯೊಳಗೆ ಎಲ್ಲವೂ ಸರಿಹೋದ ಮೇಲೂ ಇನ್ನೊಂದು ಮುಚ್ಚಿದ ಜಾಲ ಉಳಿಯುತ್ತದೆ. ಅದು ಇಂಟರ್ನೆಟ್ ಸಂಪರ್ಕದ್ದು. ಹಿರಿಯೂರು ಪೇಟೆಯಲ್ಲಿ ಕೂತು ತೋಟದ ಮನೆಯ ಪೈಯನ್ನು ತೆರೆಯಲು ಹೋದರೆ ದಾರಿಯೇ ಸಿಗುವುದಿಲ್ಲ. ಹಳೆಯ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಏಷ್ಯಾ ಪೆಸಿಫಿಕ್ ಪ್ರದೇಶಕ್ಕೆ ಹಂಚುವ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಭಾಗಕ್ಕೆ ಬಂದಿತ್ತು. ಆಮೇಲೆ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚತೊಡಗಿದವು. ಊರಿಗೆಲ್ಲ ಒಂದೇ ಅಂಚೆ ವಿಳಾಸವಿದ್ದಂತೆ ಇದು: ನಾವು ಬರೆದ ಪತ್ರಕ್ಕೆ ಉತ್ತರ ಬರುತ್ತದೆ, ಹೊರಗಿನವರು ತಾವಾಗಿ ಬರೆದ ಪತ್ರ ಯಾರ ಮನೆಗೆಂದು ಅಂಚೆಯವನಿಗೆ ತಿಳಿಯುವುದಿಲ್ಲ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ಈ ವ್ಯಾಪ್ತಿಯಲ್ಲಿದ್ದರೆ, ನಿಮ್ಮ ಮನೆಗೆ ಸ್ವಂತ ವಿಳಾಸ ಇಲ್ಲ ಎಂದರ್ಥ.

ಇದಕ್ಕೆ ನಿಜವಾದ ಮದ್ದು ಐಪಿವಿ6. ದೂರಸಂಪರ್ಕ ಇಲಾಖೆ ಅದಕ್ಕೆ 2010ರಲ್ಲೇ ಮೊದಲ ಮಾರ್ಗಸೂಚಿ ಹೊರಡಿಸಿತು, 2013ರಲ್ಲಿ ಎರಡನೆಯದು. ಮೊಬೈಲ್ ಜಾಲಗಳ ದೆಸೆಯಿಂದ ಇಂದು ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಹೀಗಿದ್ದರೂ ಫೈಬರ್ ಜೊತೆ ಕೊಡುವ ಪೆಟ್ಟಿಗೆಯಲ್ಲಿ ಒಳಬರುವ ಸಂಪರ್ಕ ಮುಚ್ಚಿರುತ್ತದೆ, ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಗ್ರಾಹಕನಿಗೆ ಸಿಗುವುದಿಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ರೂಟರನ್ನು ಆರಿಸಿಕೊಳ್ಳುವುದು ಗ್ರಾಹಕರ ಕಾನೂನುಬದ್ಧ ಹಕ್ಕು. ಇಲ್ಲಿಯೂ ಅದು ಆಗಬೇಕು. ಮಾಸಿಕ ಹಣ ಕಟ್ಟುವವನಿಗೆ ತನ್ನ ಮನೆಯ ಬಾಗಿಲ ಕೀಲಿ ಕೊಡದಿರುವುದಕ್ಕೆ ಒಪ್ಪುವಂಥ ಕಾರಣವನ್ನು ಯಾರಿಂದಲೂ ಕೇಳಿಲ್ಲ.

ಅಲ್ಲಿಯವರೆಗೆ ಕೈಹಿಡಿಯುವುದು ವೈರ್‌ಗಾರ್ಡ್. ಜೇಸನ್ ಡೊನೆನ್‌ಫೆಲ್ಡ್ ಬರೆದ ಈ ಸುರಂಗ ತಂತ್ರಾಂಶ 2020ರ ಮಾರ್ಚಿನಲ್ಲಿ ಲಿನಕ್ಸ್ ಕರ್ನಲ್ 5.6ರೊಳಗೇ ಸೇರಿತು. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಸ್ವಂತ ವಿಳಾಸವಿರುವ ಪುಟ್ಟ ಬಾಡಿಗೆ ಸರ್ವರ್ ಪಡೆದು, ತೋಟದ ಪೈ ಮತ್ತು ಕೈಯ ಫೋನು ಎರಡೂ ಒಳಗಿನಿಂದ ಹೊರಟು ಅಲ್ಲಿ ಭೇಟಿಯಾಗುವಂತೆ ಮಾಡಬಹುದು. ಟೇಲ್‌ಸ್ಕೇಲ್ ಎಂಬ ಸೇವೆ ಇದನ್ನು ಇನ್ನಷ್ಟು ಸುಲಭ ಮಾಡುತ್ತದೆ, ಆದರೆ ಅದರ ನಿಯಂತ್ರಣ ಸರ್ವರ್ ಮುಕ್ತವಲ್ಲ. ಅದು ಬೇಡವೆನ್ನುವವರಿಗೆ ಹೆಡ್‌ಸ್ಕೇಲ್ ಎಂಬ ಮುಕ್ತ ಪರ್ಯಾಯವಿದೆ. ಪೈಯನ್ನು ನೇರವಾಗಿ ಇಂಟರ್ನೆಟ್ಟಿಗೆ ಒಡ್ಡುವುದು ಮಾತ್ರ ಬೇಡವೇ ಬೇಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರುಗಳ ಮೇಲೆಯೇ.

ಇದೆಲ್ಲ ಒಬ್ಬೊಬ್ಬರೇ ಮಾಡುವ ಕೆಲಸವಾಗಿ ಉಳಿಯಬೇಕಿಲ್ಲ. ಪಕ್ಕದ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ‘ಕೌಮೆಶ್’ ಹೆಸರಿನಲ್ಲಿ ಊರವರದೇ ವೈಫೈ ಜಾಲ ಕಟ್ಟಿದೆ. ಹೊರಗಿನ ಇಂಟರ್ನೆಟ್ ಇಲ್ಲದೆಯೂ ಅದರೊಳಗಿನ ಪುಟ್ಟ ಸರ್ವರ್‌ಗಳು ಊರಿಗೆ ಕೆಲಸ ಕೊಡುತ್ತವೆ. ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಪಾಲಿಟೆಕ್ನಿಕ್ ಇದೆ, ತಾಲ್ಲೂಕುಗಳಲ್ಲಿ ಐಟಿಐಗಳಿವೆ. ಸ್ಟಾರ್ಟರ್ ಬಿಚ್ಚಿ ಜೋಡಿಸಬಲ್ಲ ಹುಡುಗರಿಗೆ ಇಎಸ್‌ಪಿ32 ಬೋರ್ಡ್ ಕಲಿಯುವುದು ಕೆಲವೇ ವಾರಗಳ ಮಾತು. ನಮ್ಮ ರಿಲೇ ಜೋಡಿಸಿದ ಎಲೆಕ್ಟ್ರಿಷಿಯನ್ ಹುಡುಗ ಮುಚ್ಚಳ ಹಾಕುತ್ತಾ ಕೇಳಿದ್ದು ಒಂದೇ: “ಅಣ್ಣ, ಇದ್ರಾಗೆ ಕದ್ದುಮುಚ್ಚಿ ಏನೂ ಇಲ್ವಲ್ಲ, ಯಾಕೆ ಎಲ್ರೂ ಹಿಂಗೇ ಮಾಡಲ್ಲ?”

ಹಾಗೆ ಮಾಡಿಸಲು ಸಾಧ್ಯ ಎನ್ನುವುದಕ್ಕೆ ಸರ್ಕಾರದ್ದೇ ಉದಾಹರಣೆ ಇದೆ. ಪಿಎಂ ಕುಸುಮ್ ಯೋಜನೆಯ ಸೋಲಾರ್ ಪಂಪುಗಳ ತಾಂತ್ರಿಕ ಷರತ್ತಿನಲ್ಲಿ, ಪಂಪ್ ನಿಯಂತ್ರಕವೂ ದೂರದಿಂದ ನಿಗಾ ಇಡುವ ಸಾಧನವೂ ಆರ್‌ಎಸ್485 ತಂತಿಯ ಮೇಲೆ ಮಾಡ್‌ಬಸ್‌ನಲ್ಲಿ ಮಾತಾಡಬೇಕು, ಯಾವ ಕಂಪನಿಯದಾದರೂ ಇನ್ನೊಂದಕ್ಕೆ ಹೊಂದಬೇಕು ಎಂದಿದೆ. ಮಾಡ್‌ಬಸ್ 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಕಾರ್ಖಾನೆ ಯಂತ್ರಗಳಿಗೆ ಮಾಡಿಕೊಂಡ ಭಾಷೆ. ಅದರ ವಿವರ ಬಹಿರಂಗವಾದ್ದರಿಂದ ಇಂದಿನ ಎನರ್ಜಿ ಮೀಟರ್, ವಿಎಫ್‌ಡಿ, ಇನ್ವರ್ಟರುಗಳಲ್ಲಿ ಅನೇಕವು ಅದನ್ನೇ ಬಲ್ಲವು. ಗ್ರಿಡ್ ಕರೆಂಟಿನ ಪಂಪ್‌ಸೆಟ್ಟಿಗೆ ನಾವು ಕೊಳ್ಳುವ ಮೊಬೈಲ್ ಸ್ಟಾರ್ಟರಿಗೂ ಅದೇ ಷರತ್ತು ಹಾಕಬಹುದು. ಒಬ್ಬ ರೈತ ಕೇಳಿದರೆ ಅಂಗಡಿಯವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಭೀಮಸಮುದ್ರದ ಅಡಿಕೆ ಬೆಳೆಗಾರರೋ ಹೊಸದುರ್ಗದ ತೆಂಗು ಬೆಳೆಗಾರರ ಸಂಘವೋ ಐವತ್ತು ಸ್ಟಾರ್ಟರ್‌ಗಳಿಗೆ ಒಟ್ಟಿಗೆ ಆರ್ಡರ್ ಕೊಡುವಾಗ, ಆರ್‌ಎಸ್485 ಟರ್ಮಿನಲ್ಲೂ ಅದರ ಮಾಡ್‌ಬಸ್ ರಿಜಿಸ್ಟರ್ ಪಟ್ಟಿಯೂ ಇದ್ದರೆ ಮಾತ್ರ ಮಾಲು ಇಳಿಸಿಕೊಳ್ಳುತ್ತೇವೆ ಎಂದು ಕಾಗದದ ಮೇಲೆ ಬರೆದು ಕೊಡಲಿ.